ನೀಲಿ ಅಂಚಿನ ಟ್ರೇ

ಆ ಮನೆಯಲ್ಲಿ ಯಾರಿಗಾದರೂ ಮನಸ್ಸಿಗೆ ನೋವಾದರೆ ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಗೂಡಿನಿಂದ ನೀಲಿ ಅಂಚಿನ ಟ್ರೇ ಇಳಿಸಿ ಊಟದ ಮೇಜಿನ ಮೇಲೆ ಇಟ್ಟರೆ ಸಾಕು. ಇನ್ನೊಬ್ಬಳು ಒಳಗೆ ಬಂದು ಅದನ್ನು ನೋಡುತ್ತಾಳೆ, ಚಪ್ಪಲಿ ಬಿಡುತ್ತಾಳೆ, ಕೈ ತೊಳೆದು ಮ್ಯಾಕರೋನಿಗೆ ನೀರಿಡುತ್ತಾಳೆ. ಏನಾಯಿತು, ಯಾರು ಏನಂದರು ಎಂದು ಒಂದು ಮಾತೂ ಕೇಳುವುದಿಲ್ಲ. ಟ್ರೇ ಓವನ್ನಿನಿಂದ ಹೊರಗೆ ಬಂದು, ಮ್ಯಾಕರೋನಿ ತಟ್ಟೆಗೆ ಬಿದ್ದು, ಆ ತಟ್ಟೆಯನ್ನು ಚಮಚದಲ್ಲಿ ಕೆರೆದು ಖಾಲಿ ಮಾಡುವ ತನಕ ಕೇಳುವ ಹಾಗೇ ಇಲ್ಲ. ಹೇಳಬೇಕೆನ್ನಿಸಿದರೆ ಆಮೇಲೆ ನೊಂದವಳೇ ಹೇಳುತ್ತಾಳೆ. ಹೇಳದಿದ್ದರೆ ಅದೂ ಸರಿ.

ಮನೆಯಲ್ಲಿದ್ದವರು ಅಕ್ಕ, ತಂಗಿ ಇಬ್ಬರೇ. ಅಕ್ಕನನ್ನು ಕೆಲಸದ ಜಾಗದಲ್ಲಿ ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ತಂಗಿಗೆ ಪುಟ್ಟಿ ಎಂದು ಹೆಸರು ಬಿದ್ದದ್ದು ತೊಟ್ಟಿಲಲ್ಲಿ. ತಲೆ ನರೆತರೂ ಅದು ಬಿಟ್ಟುಹೋಗಲಿಲ್ಲ. ಇಬ್ಬರೂ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದರು. ಎರಡು ಕೋಣೆಯ ಮನೆ, ಕಿಟಕಿಯಿಂದ ಬಸ್ ಡಿಪೋದ ಗೋಡೆ ಕಾಣುತ್ತದೆ. ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಒಬ್ಬಳ ಮೊಣಕೈ ಇನ್ನೊಬ್ಬಳ ಪಕ್ಕೆಗೆ ತಾಕುತ್ತದೆ.

ಟ್ರೇ ಆ ಮನೆಗೆ ಬಂದದ್ದು ಅವರ ಅಮ್ಮ ತೀರಿಕೊಂಡ ದಿನ. ಆಗ ಅಕ್ಕನೇ ಇನ್ನೂ ಎಳೆಯವಳು, ಪುಟ್ಟಿ ಅವಳ ಸೊಂಟದ ಹತ್ತಿರ ಬರುವಷ್ಟು. ಮನೆ ತುಂಬ ಹೆಂಗಸರು ನೆರೆದು, ಹೇಗಾಯಿತು, ಎಷ್ಟು ಹೊತ್ತಿಗಾಯಿತು, ಕೊನೆಗೆ ಏನಂದರು ಎಂದು ಮಕ್ಕಳಿಬ್ಬರನ್ನೂ ಕೇಳಿ ಕೇಳಿ ಹಿಂಡುತ್ತಿದ್ದರು. ಕೆಳಗಿನ ಮನೆಯಲ್ಲಿ ಒಬ್ಬ ಅಡುಗೆಯಮ್ಮ ಇದ್ದಳು, ಯಾವುದೋ ಹಾಸ್ಟೆಲಿನಲ್ಲಿ ಬೇಯಿಸುವವಳು. ಅವಳು ಬಿಸಿ ಟ್ರೇಯನ್ನು ಟವೆಲಿನಲ್ಲಿ ಸುತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಬಂದವಳೇ, "ಏಳ್ರಮ್ಮ, ಎಲ್ಲರೂ ಏಳಿ. ಮಕ್ಕಳ ತಟ್ಟೆ ಖಾಲಿ ಆಗೋ ತನಕ ಯಾರೂ ಏನೂ ಕೇಳಕೂಡದು. ಅಳೋದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ" ಎಂದು ಕೋಳಿ ಓಡಿಸುವ ಹಾಗೆ ಹೆಂಗಸರನ್ನೆಲ್ಲ ಹೊರಗೆ ಓಡಿಸಿದಳು.

ಟ್ರೇಯಲ್ಲಿದ್ದದ್ದು ಮ್ಯಾಕರೋನಿ, ಚೀಸು. ಆ ಮಕ್ಕಳು ಅದನ್ನು ಅಲ್ಲಿಯ ತನಕ ಕಂಡಿರಲಿಲ್ಲ. ಮೇಲೆ ಹೊಂಬಣ್ಣದ ಗರಿಗರಿ ಪದರ, ಚಮಚ ಇಳಿಸಿದರೆ ಒಳಗೆ ಮೆತ್ತಗೆ, ಬಿಸಿ ಬಿಸಿ, ಎಳೆದರೆ ದಾರದ ಹಾಗೆ ಬರುವ ಚೀಸು. ಒಂದು ತುತ್ತು ಒಳಗೆ ಹೋದ ಕೂಡಲೇ ಗಂಟಲಿನಲ್ಲಿ ಗಟ್ಟಿಯಾಗಿ ಕೂತಿದ್ದದ್ದು ಸಡಿಲವಾಯಿತು. ಪುಟ್ಟಿ ತಿನ್ನುತ್ತಾ ತಿನ್ನುತ್ತಾ ಅತ್ತಳು, ಅಳುತ್ತಾ ಅಳುತ್ತಾ ಇನ್ನಷ್ಟು ಹಾಕಿಸಿಕೊಂಡಳು. ಅಡುಗೆಯಮ್ಮ ಟ್ರೇಯನ್ನು ವಾಪಸು ಕೇಳಲಿಲ್ಲ. ತಗಡಿನ ಮೇಲೆ ಬಿಳಿ ಲೇಪ, ಸುತ್ತ ನೀಲಿ ಅಂಚು, ಒಂದು ಮೂಲೆಯಲ್ಲಿ ಚಕ್ಕೆ ಎದ್ದು ಕಪ್ಪಗೆ ಕಾಣುತ್ತಿತ್ತು. ಮುಂದೆ ಅಕ್ಕನಿಗೆ ಮಾಡುವುದನ್ನೂ ಅವಳೇ ಕಲಿಸಿಕೊಟ್ಟಳು.

ಅಕ್ಕ ಮಾಡುವುದನ್ನು ನೋಡಬೇಕು. ಮ್ಯಾಕರೋನಿಯನ್ನು ಪೂರ್ತಿ ಬೇಯಲು ಬಿಡುವುದಿಲ್ಲ, ಹಲ್ಲಿಗೆ ಚೂರು ತಡೆಯುವ ಹಾಗಿರುವಾಗಲೇ ಬಸಿಯುತ್ತಾಳೆ. ಬಾಣಲೆಯಲ್ಲಿ ಬೆಣ್ಣೆ ಕರಗಿದ ಮೇಲೆ ಮೈದಾ ಹಾಕಿ, ಹಸಿ ವಾಸನೆ ಹೋಗುವ ತನಕ, ಆದರೆ ಕೆಂಪಾಗದ ಹಾಗೆ ಹುರಿಯುತ್ತಾಳೆ. ಆಮೇಲೆ ಹಾಲು, ಮೊದಲು ಒಂದು ಗುಟುಕಿನಷ್ಟು, ಅದು ಕಲೆತ ಮೇಲೆ ಇನ್ನೊಂದು ಗುಟುಕು. ಮರದ ಸೌಟು ತಳಬಿಟ್ಟು ಏಳುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲು ಬಡಿದರೂ ಅವಳು ಹೋಗುವುದಿಲ್ಲ. ಒಂದು ಕ್ಷಣ ಕೈಬಿಟ್ಟರೆ ಗಂಟು ಕಟ್ಟುತ್ತದೆ. ಹಾಲು ಸೌಟಿಗೆ ಹತ್ತಿಕೊಳ್ಳುವಷ್ಟು ಗಟ್ಟಿಯಾದಾಗ ಉರಿ ಆರಿಸಿ ಚೀಸಿನ ತುರಿ, ಮೆಣಸಿನಪುಡಿ. ಉರಿಯ ಮೇಲೇ ಹಾಕಿದರೆ ಚೀಸು ಎಣ್ಣೆ ಬಿಡುತ್ತದೆ. ಎಲ್ಲ ಕಲೆಸಿ ಟ್ರೇಗೆ ಸುರಿದು, ಮೇಲೆ ಒಣಗಿದ ಬ್ರೆಡ್ಡಿನ ಪುಡಿ ಉದುರಿಸಿ ಓವನ್ನಿಗೆ ಇಡುತ್ತಾಳೆ. ಚಕ್ಕೆ ಎದ್ದ ಮೂಲೆಯಲ್ಲಿ ಶಾಖ ಜಾಸ್ತಿ ತಾಕಿ ಅಲ್ಲಿಯದು ಸ್ವಲ್ಪ ಸೀದು ಕರಿಕಲಾಗುತ್ತದೆ. ಆ ಮೂಲೆ ನೊಂದವಳ ಪಾಲು. ಅದರ ರುಚಿ ತಿಂದವರಿಗೇ ಗೊತ್ತು.

ಪುಟ್ಟಿ ಆ ಮೂಲೆಯನ್ನು ಎಷ್ಟೋ ಸಲ ತಿಂದಿದ್ದಾಳೆ. ಶಾಲೆಯಲ್ಲಿ ಫೇಲಾದಾಗ ತಿಂದಳು. ಅವಳನ್ನು ಮದುವೆಯಾಗುತ್ತೇನೆಂದಿದ್ದ ಬಸ್ ಕಂಡಕ್ಟರ್ ಬೇರೆ ಕಡೆ ಮುಖ ತಿರುಗಿಸಿದಾಗ ತಿಂದಳು. ಆವತ್ತು ತಟ್ಟೆ ಕೆರೆದು ಮುಗಿಸಿ, "ಅವನ ಸೀಟಿ ಸದ್ದಿಗಿಂತ ಇದೇ ವಾಸಿ ಬಿಡಕ್ಕ" ಎಂದು ನಕ್ಕಳು. ಅಕ್ಕ ಮಾತ್ರ ಟ್ರೇ ಇಳಿಸಿದ್ದು ಕಡಿಮೆ. ನೋವಿರಲಿಲ್ಲ ಅಂತಲ್ಲ. ಪುಟ್ಟಿ ಮಾಡಿದರೆ ಗಂಟು ಗಂಟಾಗುತ್ತದೆ, ಅದೂ ಒಂದು ಕಾರಣ.

ಇನ್ನು ಅವರ ಕೆಲಸದ ವಿಷಯ. ಆಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ಮೊದಲು ನೆಲಮಾಳಿಗೆಗೆ ಬರುತ್ತದೆ. ಅಲ್ಲಿ ಕೊಳೆಬಟ್ಟೆ ವಿಂಗಡಿಸುತ್ತಾರೆ. ರಕ್ತದ್ದು ಒಂದು ಕಡೆ, ಔಷಧಿಯದು ಒಂದು ಕಡೆ, ಹೇಳಬಾರದ್ದು ಇನ್ನೊಂದು ಕಡೆ. ಒಗೆದು ಒಣಗಿದ್ದು ಮೇಲಂತಸ್ತಿನ ದೊಡ್ಡ ಹಾಲ್‌ಗೆ ಹೋಗುತ್ತದೆ. ಅಲ್ಲಿ ಹಬೆಯ ಇಸ್ತ್ರಿ ಯಂತ್ರ. ಅದರ ಮುಂದೆ ಪುಟ್ಟಿ ನಿಲ್ಲುತ್ತಿದ್ದಳು. ಬಿಸಿ ಉರುಳೆಯ ಕೆಳಗಿನಿಂದ ಹೊರಗೆ ಬರುವ ಹೊದಿಕೆಯ ಎರಡು ಮೂಲೆ ಹಿಡಿದು ಎಳೆದು ಅಡ್ಡಡ್ಡ ಮಡಚುವುದು ಅವಳ ಕೆಲಸ. ಇಡೀ ದಿನ ನಿಂತಿರಬೇಕು, ಮುಖಕ್ಕೆ ಹಬೆ, ಮುಂಗೈಗೆ ಸುಟ್ಟ ಗೆರೆಗಳು. ಅವಳಿಂದ ಹೊದಿಕೆ ಅಕ್ಕನ ಬೆಳಕಿನ ಮೇಜಿಗೆ ಬರುತ್ತದೆ. ದಪ್ಪ ಗಾಜಿನ ಮೇಜು, ಗಾಜಿನ ಕೆಳಗೆ ಟ್ಯೂಬ್ ದೀಪ. ಹೊದಿಕೆ ಬಿಚ್ಚಿ ಅದರ ಮೇಲೆ ಹರಡಿದರೆ ಉಳಿದ ಕಲೆ ಕಪ್ಪಗೆ, ತೂತಿದ್ದರೆ ಬೆಳ್ಳಗೆ ಕಾಣುತ್ತದೆ. ಚೆನ್ನಾಗಿದ್ದದ್ದು ವಾರ್ಡಿಗೆ, ಕಲೆ ಇದ್ದದ್ದು ಮತ್ತೆ ಕೆಳಗೆ. ಆ ಹಾಲ್‌ನಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಅಕ್ಕ ಅಲ್ಲಿ ಕೂತು ಕೂತು ಕುರ್ಚಿಯ ಮೆತ್ತೆಗೆ ಅವಳದೇ ಆಕಾರ ಬಂದಿತ್ತು. ಹಾಲ್‌ನ ಕೊನೆಯಲ್ಲಿ ಕಬ್ಬಿಣದ ಬಾಗಿಲಿನಾಚೆ ಬಾಯ್ಲರು. ಅದನ್ನು ನೋಡಿಕೊಳ್ಳುವವನು ಒಬ್ಬ ಮುದುಕ, ಎಲ್ಲರಿಗೂ ಬಾಯ್ಲರಣ್ಣ.

ಒಂದು ಸಂಜೆ ಪುಟ್ಟಿ ಮನೆಗೆ ಬಂದಾಗ ಮೇಜಿನ ಮೇಲೆ ಟ್ರೇ ಇತ್ತು. ಅಕ್ಕ ಕಿಟಕಿಯ ಹತ್ತಿರ ಕೂತು ಡಿಪೋದ ಗೋಡೆ ನೋಡುತ್ತಿದ್ದಳು. ಪುಟ್ಟಿಗೆ ಗಾಬರಿ. ಆದರೂ ರೂಢಿ ರೂಢಿಯೇ. ಸುಮ್ಮನೆ ನೀರಿಟ್ಟಳು, ಬೆಣ್ಣೆ ಕರಗಿಸಿದಳು, ಹಾಲನ್ನು ಒಂದೇ ಸಲ ಸುರಿದಳು. ಟ್ರೇ ಹೊರಗೆ ಬಂತು. ಅಕ್ಕ ಒಂದು ಗಂಟನ್ನು ನಾಲಿಗೆಯಲ್ಲಿ ಹೊರಳಿಸಿ ನುಂಗಿದಳು.

"ಮ್ಯಾಕರೋನಿ ಮಾಡಿದ್ಯೋ, ಗೋಲಿ ಆಟ ಇಟ್ಟಿದ್ಯೋ?"

"ತಿನ್ನಕ್ಕ ಸುಮ್ನೆ. ಮಾತಾಡೋ ಹಾಗಿಲ್ಲ."

ಗಂಟಿದ್ದರೂ ಬಿಸಿ ಇತ್ತು, ಉಪ್ಪು ಸರಿ ಇತ್ತು, ಮೂಲೆ ಸೀದಿತ್ತು. ತಟ್ಟೆ ಖಾಲಿಯಾಗುವ ಹೊತ್ತಿಗೆ ಅಕ್ಕನ ಹೆಗಲು ಇಳಿಯಿತು. ಒಲೆಯ ಮೇಲೆ ಮಿಕ್ಕ ಹಾಲಿನ ಪಾತ್ರೆ ಆರುತ್ತಿತ್ತು. ಅದನ್ನು ತೋರಿಸಿ ಹೇಳಿದಳು, "ನೋಡು, ಆರಿದ ಹಾಲಿಗೆ ಕೆನೆ ಕಟ್ಟುತ್ತಲ್ಲ, ನನ್ನ ಎಡಗಣ್ಣಿಗೆ ಹಾಗಾಗಿದೆ. ಬೆರಳು ಹಾಕಿ ಎತ್ತಿ ಬಿಸಾಕಿಬಿಡೋಣ ಅನ್ಸುತ್ತೆ. ಡಾಕ್ಟರ್ ನೋಡಿದ್ರು. ಒಳಗಿನ ನರ ಒಣಗಿದೆಯಂತೆ, ಮಾಡೋಕೆ ಏನೂ ಇಲ್ವಂತೆ. ಬಲಗಣ್ಣು ಚೆನ್ನಾಗೇ ಇದೆ."

"ಯಾರಿಗಾದ್ರೂ ಹೇಳಿದ್ಯಾ?"

"ನಿನಗೇ ಮೊದಲು. ಗೊತ್ತಾದ್ರೆ ಮೇಜಿನಿಂದ ಎಬ್ಬಿಸ್ತಾರೆ ಪುಟ್ಟಿ. ಆ ಕುರ್ಚಿ ಬಿಟ್ರೆ ನನಗೆ ಇನ್ನೇನು ಬರುತ್ತೆ? ನೆಲಮಾಳಿಗೆಗೆ ಕಳಿಸ್ತಾರೆ."

ಪುಟ್ಟಿ ಅಕ್ಕನ ಕೈ ಹಿಡಿದುಕೊಂಡಳು. "ನಾನಿದ್ದೀನಲ್ಲ. ನನ್ನ ಬಾಯಿಂದ ಹೊರಗೆ ಬಂದ್ರೆ ಕೇಳು."

ಉಪಾಯ ಹೇಳಿಕೊಟ್ಟವಳೂ ಪುಟ್ಟಿಯೇ. ಹೊದಿಕೆ ಯಂತ್ರದಿಂದ ಹೊರಗೆ ಬರುವಾಗ ಅವಳ ಕಣ್ಣ ಮುಂದೆಯೇ ಹಾದು ಬರುತ್ತದೆ. ಕಲೆ ಕಂಡರೆ ಅದರ ಒಂದು ಮೂಲೆಯನ್ನು ಚಿವುಟುವುದು. ಬಿಸಿಯಲ್ಲಿ ಚಿವುಟಿದ ಬಟ್ಟೆ ಹಾಗೇ ನಿಲ್ಲುತ್ತದೆ, ಬೆಕ್ಕಿನ ಕಿವಿಯ ಹಾಗೆ. ಅಕ್ಕ ಹೊದಿಕೆ ಎಳೆದುಕೊಳ್ಳುವಾಗ ಕೈಗೆ ಆ ಕಿವಿ ಸಿಕ್ಕರೆ, ಬಲಗಣ್ಣು ಹತ್ತಿರ ತಂದು ಎಲ್ಲಾ ಕಡೆ ಹುಡುಕುವುದು. ಕಿವಿ ಇಲ್ಲದಿದ್ದರೆ ಎಂದಿನ ಹಾಗೆ ಒಂದು ಸಲ ನೋಡಿ ಮುಂದಕ್ಕೆ. ಹಾಲ್‌ನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬಾಯ್ಲರಣ್ಣ ಮಾತ್ರ ಒಂದು ದಿನ, "ಅಕ್ಕ ಈಗ ಬಟ್ಟೆ ಮುದ್ದು ಮಾಡೋಕೆ ಶುರು ಮಾಡಿದ್ದಾಳೆ, ಮೂಲೆ ಮೂಲೆ ಸವರ್ತಾಳೆ" ಎಂದು ನಗಾಡಿದ.

"ನಿನ್ನ ಮಸಿ ಹಿಡಿದ ಗಡ್ಡ ಸವರೋಕಿಂತ ವಾಸಿ" ಎಂದಳು ಅಕ್ಕ.

ತಿಂಗಳುಗಟ್ಟಲೆ ಹೀಗೇ ನಡೆಯಿತು. ಕಿವಿ ಸಿಕ್ಕಾಗಲೆಲ್ಲ ಅಕ್ಕನಿಗೆ ತಂಗಿ ಹತ್ತಿರ ಬಂದು ಭುಜ ಮುಟ್ಟಿದ ಹಾಗಾಗುತ್ತಿತ್ತು. ದಿನ ಹೋದ ಹಾಗೆ ಕಣ್ಣಿಗಿಂತ ಕಿವಿಯ ಮೇಲೇ ನಂಬಿಕೆ ಜಾಸ್ತಿಯಾಯಿತು. ಅದೇ ಅವಳು ಮಾಡಿದ ತಪ್ಪು. ಆದರೆ ಒಡಹುಟ್ಟಿದವಳ ಕೈಯನ್ನು ನಂಬುವುದಕ್ಕೆ ಅವಳು ತಪ್ಪು ಎಂದು ಹೆಸರಿಟ್ಟಿರಲಿಲ್ಲ.

ಅಷ್ಟರಲ್ಲಿ ಪುಟ್ಟಿಯ ಮೊಣಕಾಲು ಕೆಟ್ಟಿತು. ಆಸ್ಪತ್ರೆಯಲ್ಲೂ ಮನೆಯಲ್ಲೂ ಮೆಟ್ಟಿಲು ಹತ್ತುವಾಗ ಕಟಕಟ ಸದ್ದು. "ನಿನ್ನ ತಂಗಿ ಬರೋದು ಮುಂಚೇನೇ ಗೊತ್ತಾಗುತ್ತಮ್ಮ, ಹಳೇ ಬಾಗಿಲಿನ ಹಾಗೆ" ಎನ್ನುತ್ತಿದ್ದ ಬಾಯ್ಲರಣ್ಣ. ಪುಟ್ಟಿ ನಗುತ್ತಿರಲಿಲ್ಲ. ಮನೆಯಲ್ಲಿ ಅಕ್ಕ ಬಿಸಿನೀರಿನ ಶಾಖ ಕೊಡುತ್ತಿದ್ದಳು. ಒಂದು ದಿನ ಶಾಖ ಕೊಡುವಾಗ ಪುಟ್ಟಿ, "ನಿನಗೇನಕ್ಕ, ಕೂತು ಮಾಡೋ ಕೆಲಸ. ನಿಂತು ಬೇಯೋಳು ನಾನು" ಎಂದಳು. ಅಕ್ಕ ಅದನ್ನು ನೋವಿನ ಮಾತು ಎಂದುಕೊಂಡು ಬಟ್ಟೆ ಇನ್ನೊಂದು ಸಲ ಬಿಸಿನೀರಿಗೆ ಅದ್ದಿದಳು.

ಆಮೇಲೊಂದು ದಿನ ಆಪರೇಷನ್ ಕೋಣೆಯಿಂದ ಒಂದು ಹೊದಿಕೆ ವಾಪಸು ಬಂತು. ನಡುವೆ ಅಂಗೈ ಅಗಲದ ಕಂದು ಕಲೆ. ಅಕ್ಕ ಅದನ್ನು ಮೇಜಿನ ಮೇಲೆ ಹರಡಿದಳು. ತೊಳೆದ ಹೊದಿಕೆಯೆಂದು ರೋಗಿಯ ಮೇಲೆ ಹೊದಿಸಿಬಿಟ್ಟಿದ್ದರೆ? ಮೂಲೆಗಳನ್ನು ಒಂದೊಂದೇ ಸವರಿ ನೋಡಿದಳು. ಕಿವಿಯ ಗುರುತೇ ಇಲ್ಲ. ಮನೆಗೆ ಬಂದು ಕೇಳಿದಾಗ ಪುಟ್ಟಿ, "ಹಬೆಯಲ್ಲಿ ಕಾಣಲಿಲ್ಲ ಅಕ್ಕ, ಮೊಣಕಾಲು ಬೇರೆ ಸೆಳೀತಿತ್ತು" ಎಂದು ಮುಖ ಸಣ್ಣದು ಮಾಡಿದಳು. "ಹೋಗಲಿ ಬಿಡೇ, ನೀನೇನು ಯಂತ್ರವಾ" ಎಂದು ಅಕ್ಕನೇ ಸಮಾಧಾನ ಮಾಡಿದಳು. ಆ ವಾರವೇ ಇನ್ನೊಂದು ಹೊದಿಕೆ ವಾಪಸು ಬಂತು. ಅದಕ್ಕೂ ಕಿವಿ ಇರಲಿಲ್ಲ.

ಮರುದಿನ ಪುಟ್ಟಿ ತಲೆನೋವು ಎಂದು ಮಧ್ಯಾಹ್ನವೇ ಮನೆಗೆ ಹೋದಳು. ಸಂಜೆ ಅಕ್ಕ ಬಾಗಿಲು ತೆಗೆದರೆ ಮೇಜಿನ ಮೇಲೆ ನೀಲಿ ಅಂಚಿನ ಟ್ರೇ. ಪುಟ್ಟಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಕ್ಕ ಸದ್ದಾಗದ ಹಾಗೆ ಬಾಗಿಲು ಮುಚ್ಚಿದಳು. ಪಾಪ, ಹೊದಿಕೆಯ ವಿಷಯ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ನನ್ನಿಂದ ಅಕ್ಕನಿಗೆ ಹೀಗಾಯಿತಲ್ಲ ಎಂದು ಕೊರಗುತ್ತಿದ್ದಾಳೆ ಎಂದುಕೊಂಡಳು. ಚೀಸು ಸಾಲದೆಂದು ಮತ್ತೆ ಮೆಟ್ಟಿಲಿಳಿದು ಮೂಲೆ ಅಂಗಡಿಗೆ ಹೋಗಿ ತಂದಳು. ಹಾಲನ್ನು ಗುಟುಕು ಗುಟುಕಾಗಿ ಸುರಿದಳು. ಬಲಗಣ್ಣು ಬಾಣಲೆಯ ಹತ್ತಿರ ಇಟ್ಟು, ಆವಿ ಕಣ್ಣಿಗೆ ಹೊಡೆದರೂ ಸರಿಸದೆ, ಒಂದು ಗಂಟೂ ಇಲ್ಲದ ಹಾಗೆ ತಿರುವಿದಳು. ಆವತ್ತಿನಷ್ಟು ಚೆನ್ನಾಗಿ ಅವಳು ಎಂದೂ ಮಾಡಿರಲಿಲ್ಲ. ಮೇಲಿನ ಪದರ ಚಮಚಕ್ಕೆ ಚಿಟಿಲ್ ಎಂದಿತು. ಸೀದ ಮೂಲೆಯನ್ನು ಪೂರ್ತಿ ಕೆತ್ತಿ ತಂಗಿಯ ತಟ್ಟೆಗೆ ಹಾಕಿದಳು.

ಪುಟ್ಟಿ ತಲೆ ಎತ್ತದೆ ತಿಂದಳು. ಮೊದಲು ನಿಧಾನ, ಆಮೇಲೆ ಹಸಿದವಳ ಹಾಗೆ. ತಟ್ಟೆ ಕೆರೆದಳು. ಅಕ್ಕ ಕಾದಳು.

"ಏನಿಲ್ಲ ಅಕ್ಕ. ಸುಮ್ನೆ, ಮನಸ್ಸಿಗೆ ಒಂಥರಾ ಆಗಿತ್ತು."

"ಹೇಳಬೇಕು ಅನ್ಸಿದಾಗ ಹೇಳು" ಎಂದಳು ಅಕ್ಕ, ತಂಗಿಯ ತಟ್ಟೆಯನ್ನು ತಾನೇ ತೊಳೆದಿಟ್ಟಳು.

ಬೆಳಿಗ್ಗೆ ಹಾಲ್‌ಗೆ ಕಾಲಿಟ್ಟ ಕೂಡಲೇ ಮೇಡಂ ಕರೆಯುತ್ತಿದ್ದಾರೆ ಎಂದರು. ಮೇಡಂ ಎಂದರೆ ವಿಭಾಗದ ಮೇಲ್ವಿಚಾರಕಿ, ಕೆಟ್ಟವಳೇನಲ್ಲ. ಕುರ್ಚಿ ಎಳೆದು ಕೂರಿಸಿದಳು. ಗಾಜಿನ ಲೋಟದಲ್ಲಿ ನೀರು ಕೊಟ್ಟಳು. ನೀರು ಕೊಟ್ಟಾಗಲೇ ಅಕ್ಕನಿಗೆ ಏನೋ ಸರಿಯಿಲ್ಲ ಎನ್ನಿಸಿತು.

"ಅಕ್ಕ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮುಂಚೇನೇ ಹೇಳಬಾರದಿತ್ತಾ? ಹಾಲಿಗೆ ಕೆನೆ ಕಟ್ಟಿದ ಹಾಗೆ ಆಗಿದೆಯಂತಲ್ಲ ಎಡಗಣ್ಣಿಗೆ. ಬೆರಳು ಹಾಕಿ ಎತ್ತಿ ಬಿಸಾಕೋಣ ಅನ್ಸುತ್ತಂತಲ್ಲ. ಎಷ್ಟು ಕಷ್ಟಪಟ್ಟಿರಬೇಕು ನೀವು."

ಅಕ್ಕ ಕೈಯಲ್ಲಿದ್ದ ಲೋಟವನ್ನು ನೋಡಿದಳು. ಆ ಮಾತನ್ನು ಅವಳು ಬದುಕಿನಲ್ಲಿ ಒಂದೇ ಸಲ ಆಡಿದ್ದಳು. ಆಡಿದ ಜಾಗ ಗೊತ್ತು, ಹೊತ್ತು ಗೊತ್ತು, ಎದುರಿಗೆ ಯಾರಿದ್ದರು ಎಂಬುದೂ ಗೊತ್ತು. ಡಾಕ್ಟರಿಗೂ ಹಾಗೆ ಹೇಳಿರಲಿಲ್ಲ. ಮೇಡಂ ಇನ್ನೂ ಮಾತಾಡುತ್ತಿದ್ದಳು. ಆಪರೇಷನ್ ಕೋಣೆಯವರ ದೂರು, ಇನ್ನು ಮುಚ್ಚಿಡುವುದಕ್ಕಾಗುವುದಿಲ್ಲ, ಕೆಲಸದಿಂದ ತೆಗೆಯುವುದಿಲ್ಲ, ನೆಲಮಾಳಿಗೆಯಲ್ಲಿ ವಿಂಗಡಣೆಗೆ ಅಷ್ಟು ಕಣ್ಣು ಬೇಡ. "ಮೇಜಿಗೆ ನಿಮ್ಮ ತಂಗಿಯನ್ನೇ ಹಾಕಿದ್ದೀನಿ. ಹೊರಗಿನವರಿಗೆ ಹೋಗಲಿಲ್ಲವಲ್ಲ, ಅದೊಂದು ಸಮಾಧಾನ ಅಂದ್ಕೊಳ್ಳಿ."

"ಯಾವಾಗ ಹೇಳಿದಳು?" ಎಂದು ಕೇಳಿದಳು ಅಕ್ಕ.

ಮೇಡಂ ತಡವರಿಸಿದಳು. "ನಿನ್ನೆ ಬೆಳಿಗ್ಗೆ."

ನಿನ್ನೆ ಬೆಳಿಗ್ಗೆ ಹೇಳಿ, ಮಧ್ಯಾಹ್ನ ಮನೆಗೆ ಹೋಗಿ, ಗೂಡಿನಿಂದ ಟ್ರೇ ಇಳಿಸಿದ್ದಾಳೆ.

ಅಕ್ಕ ಹಾಲ್‌ಗೆ ಬಂದು ತನ್ನ ಮೆತ್ತೆ ತೆಗೆದುಕೊಂಡಳು. ಪುಟ್ಟಿ ಆಗಲೇ ಮೇಜಿನ ಪಕ್ಕ ನಿಂತಿದ್ದಳು, ಕೂತಿರಲಿಲ್ಲ. ಗಾಜಿನ ಕೆಳಗಿನ ಬೆಳಕು ಅವಳ ಗಲ್ಲದ ಮೇಲೆ ಬಿದ್ದಿತ್ತು. ಅಕ್ಕ ಅವಳ ಮುಖ ನೋಡಲಿಲ್ಲ. ಹೋಗುವ ದಾರಿಯಲ್ಲಿ ಬಾಯ್ಲರಣ್ಣ ಕಬ್ಬಿಣದ ಬಾಗಿಲು ಅರ್ಧ ತೆಗೆದು ಕರೆದ. ಟೀ ಕೊಟ್ಟ. ಅವನಿಗೆ ಎಲ್ಲ ಗೊತ್ತಿತ್ತು. ಇಂಥ ಸುದ್ದಿ ಹಬೆಯ ಜೊತೆಗೇ ಓಡಾಡುತ್ತದೆ.

"ನನ್ನನ್ನೇ ಕೇಳಿದ್ದಿದ್ರೆ ಆಗ್ತಿತ್ತು" ಎಂದಳು ಅಕ್ಕ.

"ಕೇಳಿದ್ರೆ ಕುರ್ಚಿ ಕೊಡ್ತಿದ್ಯಾ?"

ಅಕ್ಕ ಟೀ ಊದಿದಳು. ಕೊಡುತ್ತಿದ್ದೆ ಎಂದು ಬಾಯಿಗೆ ಬಂತು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕೊಡುತ್ತಿರಲಿಲ್ಲವೇನೋ. ಜಗಳವಾಡುತ್ತಿದ್ದಳೇನೋ, ವಾರಗಟ್ಟಲೆ ಮಾತು ಬಿಡುತ್ತಿದ್ದಳೇನೋ. "ಗೊತ್ತಿಲ್ಲಣ್ಣ. ಆದರೆ ಜಗಳ ಎದುರೆದುರು ಆಗ್ತಿತ್ತು" ಎಂದಳು. ಬಾಯ್ಲರಣ್ಣ ಆವತ್ತು ತಮಾಷೆ ಮಾಡಲಿಲ್ಲ.

ನೆಲಮಾಳಿಗೆಯಲ್ಲಿ ಕಿಟಕಿ ಇಲ್ಲ. ಉದ್ದ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಡೀ ಆಸ್ಪತ್ರೆಯ ನೋವನ್ನು ಗುಡ್ಡೆ ಗುಡ್ಡೆಯಾಗಿ ಬೇರೆ ಮಾಡಿದಳು. ಇಲ್ಲಿ ಕಲೆ ಹುಡುಕಬೇಕಾಗಿರಲಿಲ್ಲ, ಎಲ್ಲವೂ ಕಲೆಯೇ.

ಸಂಜೆ ಅವಳು ಮೊದಲು ಮನೆಗೆ ಬಂದಳು. ಸ್ನಾನ ಮಾಡಿ, ಗೂಡಿನಿಂದ ಟ್ರೇ ಇಳಿಸಿ ಮೇಜಿನ ಮೇಲಿಟ್ಟು, ಎದುರಿಗೆ ಕೂತಳು. ಮೆಟ್ಟಿಲಿನಲ್ಲಿ ಕಟಕಟ ಕೇಳಿತು. ಪುಟ್ಟಿ ಬಾಗಿಲಲ್ಲಿ ನಿಂತು ಟ್ರೇ ನೋಡಿದಳು, ಅಕ್ಕನನ್ನು ನೋಡಿದಳು, ಚಪ್ಪಲಿ ಬಿಟ್ಟು ಅಡುಗೆಮನೆಗೆ ಹೋದಳು. ನೀರಿಟ್ಟಳು. ಬೆಣ್ಣೆ ಕರಗಿದ ಪರಿಮಳ ಬಂತು. ಮೈದಾ ಹಾಕಿದಳು. ಸೌಟು ಬಾಣಲೆಗೆ ತಾಕುವ ಸದ್ದು ನಡುವೆ ನಿಂತು ನಿಂತು ಬರುತ್ತಿತ್ತು. ಅಕ್ಕ ಏಳಲಿಲ್ಲ, ಕೈಬಿಡಬೇಡ ಎಂದು ಕೂಗಿ ಹೇಳಲೂ ಇಲ್ಲ. ತಟ್ಟೆ ಮುಂದೆ ಬಂತು. ಸೀದ ಮೂಲೆ ಅದರಲ್ಲೇ ಇತ್ತು.

ಅಕ್ಕ ಚಮಚ ಮುಟ್ಟಲಿಲ್ಲ. "ಮೇಡಂ ಹತ್ರ ಹೋಗಿ ಹೇಳಿದ್ಯಲ್ಲ?"

ಪುಟ್ಟಿ ಬೆಚ್ಚಿದಳು. "ಅಕ್ಕಾ, ಮೊದಲು ತಿನ್ನು. ತಟ್ಟೆ ಖಾಲಿ ಆಗೋ ತನಕ..."

"ಆ ಮಾತು ಆಡಬೇಡ. ನಿನ್ನೆ ಅದರ ಹಿಂದೆ ಅವಿತುಕೊಂಡು ಕೂತಿದ್ಯಲ್ಲ, ಸಾಕು. ಕೇಳೋ ಹಾಗಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಟ್ರೇ ಇಟ್ಟೆ ಅಲ್ವಾ?"

"ಅಲ್ಲ ಅಕ್ಕ, ಆಣೆಗೂ ಅಲ್ಲ. ಹೇಳಿ ಬಂದಮೇಲೆ ಎದೆ ಹಿಡಿದ ಹಾಗಾಯ್ತು. ಏನು ಮಾಡಬೇಕು ಗೊತ್ತಾಗಲಿಲ್ಲ. ಚಿಕ್ಕೋಳಿದ್ದಾಗಿಂದ ಎದೆ ಹಿಡಿದ್ರೆ ಅದನ್ನೇ ಅಲ್ವಾ ಇಳಿಸೋದು..."

"ನನಗೆ ಚೂರಿ ಹಾಕಿ ಬಂದು, ಎದೆ ನೋವು ಅಂತ ನನ್ನ ಕೈಯಲ್ಲೇ ಬೇಯಿಸ್ಕೊಂಡು ತಿಂದ್ಯಲ್ಲೇ. ಚೀಸು ಸಾಲದು ಅಂತ ಮತ್ತೆ ಅಂಗಡಿಗೆ ಹೋಗಿಬಂದೆ ನಾನು. ಸೀದ ಮೂಲೆ ಕೆತ್ತಿ ಹಾಕಿದೆ. ಗಂಟಲಲ್ಲಿ ಹೇಗೆ ಇಳೀತು ನಿನಗೆ?"

ಪುಟ್ಟಿ ಅಳತೊಡಗಿದಳು. ಅಳುತ್ತಲೇ ಸಿಟ್ಟೂ ಬಂತು. "ನನ್ನ ಕಾಲು ನೋಡಿದ್ದೀಯಲ್ಲ. ನೀನು ಕೂತಿದ್ದೆ, ನಾನು ನಿಂತಿದ್ದೆ. ನಿನ್ನ ಕಣ್ಣಿನ ಕೆಲಸಾನೂ ನಾನೇ ಮಾಡ್ತಿದ್ದೆ. ನನ್ನ ಕಣ್ಣು, ನನ್ನ ಕಾಲು, ಕುರ್ಚಿ ಮಾತ್ರ ನಿಂದು. ಒಂದು ದಿನಾನಾದ್ರೂ, ಬಾ ಪುಟ್ಟಿ ನೀನು ಕೂತ್ಕೋ ಅಂದ್ಯಾ?"

ಅದು ನಿಜ. ಅಕ್ಕ ತಲೆಯಾಡಿಸಿದಳು. "ಅನ್ನಲಿಲ್ಲ. ಆ ತಪ್ಪು ನಂದು. ಈಗ ಇನ್ನೊಂದು ಕೇಳ್ತೀನಿ. ಆ ಎರಡು ಹೊದಿಕೆ. ಹಬೆಯಲ್ಲಿ ಕಾಣಲಿಲ್ವಾ?"

ಪುಟ್ಟಿ ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. ಮೊದಲನೆಯದು ನಿಜವಾಗಿಯೂ ಕಾಣಲಿಲ್ಲ ಎಂದಳು.

"ಎರಡನೇದು?"

"ಕಂಡಿತ್ತು."

"ಚಿವುಟಲಿಲ್ಲ."

"ಚಿವುಟಲಿಲ್ಲ ಅಕ್ಕ."

ಕುರ್ಚಿ ಹೋದದ್ದು ಅಕ್ಕನಿಗೆ ಆ ಕ್ಷಣ ದೊಡ್ಡದಾಗಿ ಕಾಣಲಿಲ್ಲ. ಕಿವಿ ಇಲ್ಲದ ಮೂಲೆಯನ್ನು ಸವರಿ, ಪುಟ್ಟಿ ನೋಡಿದ್ದಾಳೆ, ಸರಿ ಇದೆ ಎಂದು ಆ ಹೊದಿಕೆಯನ್ನು ಮುಂದಕ್ಕೆ ತಳ್ಳಿದ ತನ್ನ ಕೈ ಕಣ್ಣ ಮುಂದೆ ಬಂತು. ಆ ಕೈಯನ್ನು ಕಂಡು ಅವಳಿಗೆ ಅಯ್ಯೋ ಎನ್ನಿಸಿತು.

ತಟ್ಟೆ ಆರುತ್ತಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಒಂದು ಲೋಟ ಟೀ ಬಿಟ್ಟು ಏನೂ ಬಿದ್ದಿರಲಿಲ್ಲ. ಅಕ್ಕ ಚಮಚ ತೆಗೆದುಕೊಂಡು ತಿಂದಳು. ಗಂಟುಗಳಿದ್ದವು. ಆದರೂ ಚೀಸು ಚೀಸಿನ ಹಾಗೇ ಕರಗಿತು, ಸೀದ ಮೂಲೆ ಸೀದ ಮೂಲೆಯ ಹಾಗೇ ರುಚಿಯಾಗಿತ್ತು, ಗಂಟಲಿನ ಗಟ್ಟಿ ಸಡಿಲವಾಯಿತು. ಯಾರು ಮಾಡಿದರು, ಯಾಕೆ ಮಾಡಿದರು ಎಂದು ಆ ಮ್ಯಾಕರೋನಿ ವಿಚಾರಿಸಲೇ ಇಲ್ಲ. ಅದು ಹೀಗೆ ರುಚಿಯಾದದ್ದಕ್ಕೇ ಅವಳಿಗೆ ಅಳು ಬಂತು. ಕಾಣುವ ಕಣ್ಣಿನಲ್ಲೂ ಕಾಣದ ಕಣ್ಣಿನಲ್ಲೂ ನೀರು ಒಂದೇ ಸಮ ಇಳಿಯಿತು.

ಆಮೇಲೂ ಇಬ್ಬರೂ ಅದೇ ಎರಡು ಕೋಣೆಯಲ್ಲಿದ್ದರು. ಬೇರೆ ಎಲ್ಲಿಗೆ ಹೋಗುತ್ತಾರೆ? ಹಾಲು ತೆಗೆದುಕೊಂಡೆಯಾ, ನೀರು ಬಂತಾ, ಇಷ್ಟು ಮಾತು ನಡೆಯುತ್ತಿತ್ತು. ಮನೆಯ ಹಾಸಿಗೆ ಹೊದಿಕೆಗಳನ್ನು ಮೊದಲೆಲ್ಲ ಇಬ್ಬರೂ ಎರಡು ಕೊನೆ ಹಿಡಿದು, ಝಾಡಿಸಿ, ನಾಲ್ಕು ಹೆಜ್ಜೆ ಹತ್ತಿರ ಬಂದು, ಮೂಲೆಗೆ ಮೂಲೆ ಸೇರಿಸಿ ಮಡಚುತ್ತಿದ್ದರು. ಈಗ ಅಕ್ಕ ತನ್ನದನ್ನು ಒಬ್ಬಳೇ ಮಡಚಿದಳು. ನಡುವನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎರಡು ಕೈ ಅಗಲಿಸಿ, ಬಗ್ಗಿ. ಮಡಿಕೆ ಸೊಟ್ಟಗಾಗುತ್ತಿತ್ತು. ಪುಟ್ಟಿ ಒಂದು ಸಲ ಕೊನೆ ಹಿಡಿಯಲು ಕೈ ಚಾಚಿದಳು. ಅಕ್ಕ ಆ ಕಡೆಗೆ ಬೆನ್ನು ಮಾಡಿದಳು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಅಕ್ಕ ನೆಲಮಾಳಿಗೆಯ ಕೆಲಸ ಮುಗಿಸಿ ಬಾಗಿಲು ತೆಗೆದಾಗ ಮೇಜಿನ ಮೇಲೆ ಟ್ರೇ ಇತ್ತು. ಹಾಲ್‌ಗೆ ಹೊಸ ತಪಾಸಣೆ ಯಂತ್ರ ಬರುತ್ತದೆ, ಬೆಳಕಿನ ಮೇಜನ್ನೇ ತೆಗೆಯುತ್ತಾರೆ ಎಂಬ ಸುದ್ದಿ ಆವತ್ತು ನೆಲಮಾಳಿಗೆಯ ತನಕ ಇಳಿದಿತ್ತು. ಒಳಕೋಣೆಯಲ್ಲಿ ಪುಟ್ಟಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಅಕ್ಕ ಚಪ್ಪಲಿ ಬಿಟ್ಟಳು. ಕೈ ತೊಳೆದಳು. ಟ್ರೇಯನ್ನು ಎತ್ತಿ, ಒಣಬಟ್ಟೆಯಲ್ಲಿ ಅಂಚು ಒರೆಸಿ, ಚಕ್ಕೆ ಎದ್ದ ಮೂಲೆಯನ್ನೂ ಒರೆಸಿ, ಗೂಡಿನಲ್ಲಿ ಅದರ ಜಾಗಕ್ಕೆ ಇಟ್ಟಳು. ಆಮೇಲೆ ಸಣ್ಣ ಪಾತ್ರೆ ತೆಗೆದು ಒಬ್ಬಳಿಗಾಗುವಷ್ಟು ಮ್ಯಾಕರೋನಿಗೆ ನೀರಿಟ್ಟಳು. ಬೆಣ್ಣೆ ಕರಗಿಸಿ, ಮೈದಾ ಹುರಿದು, ಹಾಲನ್ನು ಗುಟುಕು ಗುಟುಕಾಗಿ ಸುರಿದಳು. ಸೌಟು ತಳಬಿಟ್ಟು ಏಳಲಿಲ್ಲ. ಚೀಸಿನ ಪರಿಮಳ ಎರಡೂ ಕೋಣೆ ತುಂಬಿತು.

ಮಂಚ ಕಿರುಗುಟ್ಟಿತು. ಮೊಣಕಾಲಿನ ಸದ್ದು ಅಡುಗೆಮನೆಯ ಹೊಸ್ತಿಲ ತನಕ ಬಂದು ನಿಂತಿತು.

"ಅಕ್ಕಾ, ಟ್ರೇ ಇಟ್ಟಿದ್ದೆ."

"ನೋಡಿದೆ" ಎಂದಳು ಅಕ್ಕ, ತಿರುಗದೆ. "ಅಷ್ಟು ಇನ್ನೂ ಕಾಣುತ್ತೆ."

ಒಲೆ ಆರಿಸಿದಳು. ಪಾತ್ರೆಯನ್ನು ಮೇಜಿಗೂ ತರದೆ, ಅಲ್ಲೇ ಕಟ್ಟೆಗೆ ಒರಗಿ ನಿಂತು, ಊದಿಕೊಂಡು ಊದಿಕೊಂಡು ತಿನ್ನತೊಡಗಿದಳು. ಒಂದು ಗಂಟೂ ಇರಲಿಲ್ಲ.